ಅತ್ತೆ ಕೆತ್ತದ ಸಾಲು

ಅತ್ತೆಯ ಕಲ್ಲಿನಂಗಡಿಯಲ್ಲಿದ್ದ ದಪ್ಪ ಪುಸ್ತಕವನ್ನು ಅಳಿಯ ಎರಡು ವರ್ಷ ದಿಂಬೆಂದೇ ತಿಳಿದಿದ್ದ. ಅತ್ತೆ ಅದನ್ನು ಬಟ್ಟೆಯಲ್ಲಿ ಸುತ್ತಿ, ಊಟವಾದ ಮೇಲೆ ತಲೆಯಡಿ ಇಟ್ಟುಕೊಂಡು ಅರ್ಧ ಗಂಟೆ ಮಲಗುತ್ತಿದ್ದರು. ಒಮ್ಮೆ ತಾನೂ ಅದರ ಮೇಲೆ ಮಲಗಿ ಕುತ್ತಿಗೆ ಹಿಡಿಸಿಕೊಂಡ ಅಳಿಯ, ಹೊಸ ದಿಂಬು ತಂದುಕೊಡುವೆನೆಂದು ದೊಡ್ಡ ಮನಸ್ಸು ಮಾಡಿ ಹೇಳಿದ. ಅತ್ತೆ ಬಟ್ಟೆ ಬಿಚ್ಚಿ ತೋರಿಸಿದರು: ದೇವಶಾಸ್ತ್ರ. ಪುಟದಂಚಿನಲ್ಲೆಲ್ಲ ಪೆನ್ಸಿಲ್ ಗೀಟು, ಕಲ್ಲಿನ ಧೂಳು.

ಪಾದ್ರಿಗಳ ಓದು ಇವರಿಗೇಕೆ ಎಂದು ಅವನಿಗೆ ಒಳಗೊಳಗೇ ನಗು. ಅವನದೋ ಸೋಪಿನ ಕಾರ್ಖಾನೆಯಲ್ಲಿ ಲೇಬಲ್ ಅಂಟಿಸುವ ಘನಕಾರ್ಯ. ತಪ್ಪಿದರೆ ಕಿತ್ತು ಇನ್ನೊಂದು ಅಂಟಿಸಿದರಾಯಿತು. ಮಾವ ತೀರಿಕೊಂಡ ಮೇಲೆ ಅತ್ತೆ ಅವರ ಉಳಿ ಹಿಡಿದು, ಚರ್ಚಿನವರ ಸಮಾಧಿಗಳಿಗೆ ಅಕ್ಷರ ಕೆತ್ತುತ್ತಿದ್ದರು.

ಆ ನಗು ನಿಂತದ್ದು ಅವನ ಮಗಳು ಹನ್ನೊಂದೇ ದಿನ ಬದುಕಿ ಹೋದಾಗ. ಚರ್ಚಿನ ಹಿರಿಯರೊಬ್ಬರು ಅವನನ್ನು ತಬ್ಬಿಕೊಂಡು, ದೇವರಿಗೆ ತೋಟಕ್ಕೊಂದು ಹೂ ಬೇಕಿತ್ತು, ಕಿತ್ತುಕೊಂಡ ಎಂದರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅಳಿಯ ಅದನ್ನೇ ಚೀಟಿಯಲ್ಲಿ ಬರೆದು ತಂದ, ಕಲ್ಲಿನ ಮೇಲೆ ಹಾಕಿಸಲು.

ಮೊಮ್ಮಗಳ ಕಲ್ಲನ್ನು ಅತ್ತೆ ಆಗಲೇ ನೀರು ಬಿಟ್ಟು ಉಜ್ಜಿ, ಹೆಸರು ಕೆತ್ತಿ ಮುಗಿಸಿದ್ದರು. ಚೀಟಿ ಓದಿ ಉಳಿ ಕೆಳಗಿಟ್ಟರು.

"ಇದನ್ನ ಕೆತ್ತಲ್ಲಪ್ಪ."

ಹೆತ್ತವನು ನಾನು, ಬೇರೆ ಅಂಗಡಿಗೆ ಹೋಗುತ್ತೇನೆ ಎಂದು ಅಳಿಯ ಸಿಡುಕಿದ. ಅತ್ತೆ ಹೋಗು ಎನ್ನಲಿಲ್ಲ, ಬೇಡವೆನ್ನಲಿಲ್ಲ.

"ಗೆಳೆಯನ ಗೋರಿ ಮುಂದೆ ಯೇಸು ಅತ್ತ. ತಾನೇ ಕಿತ್ತಿದ್ರೆ ಅಳ್ತಿದ್ನಾ? ನಾಳೆ ನನ್ನ ಮಗಳು ಈ ಕಲ್ಲಿನ ಮುಂದೆ ಮಂಡಿಯೂರ್ತಾಳೆ. ಮಗು ಕದ್ದವನ ಹತ್ರಾನೇ ಬೇಡ್ಕೋ ಅಂತೀಯಾ ಅವಳಿಗೆ?"

ಹಿರಿಯರು ಬಂದುಹೋದ ದಿನದಿಂದ ಹೆಂಡತಿ ಪ್ರಾರ್ಥನೆಗೆ ಕೂರದೆ ಗೋಡೆಯತ್ತ ತಿರುಗಿ ಮಲಗಿದ್ದೇಕೆಂದು ಅಳಿಯನಿಗೆ ಈಗ ಹೊಳೆಯಿತು. ತಾನು ದಿಂಬೆಂದುಕೊಂಡದ್ದರ ಮೇಲೆ ಈ ಹೆಂಗಸು ಎಷ್ಟು ಮನೆಗಳ ಸಾವನ್ನು ಹೊತ್ತ ತಲೆ ಇಟ್ಟಿದ್ದರೋ! ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

ಅತ್ತೆ ಹೆಸರಿನ ಕೆಳಗೆ, ಸತ್ತವರು ಕಡೆಯ ದಿನ ಎದ್ದುಬರುತ್ತಾರೆಂಬ ನಂಬಿಕೆಯ ಒಂದೇ ಪದ ಕೆತ್ತಿದರು: ಏಳುವಳು. ಕಣ್ಣೀರು ಕಲ್ಲಿನ ಪುಡಿಗೆ ಬಿದ್ದು ಕೆಸರಾಗುತ್ತಿತ್ತು, ಕೈ ಮಾತ್ರ ಕೂದಲೆಳೆಯಷ್ಟೂ ಜರುಗಲಿಲ್ಲ.

ಹಾಗಾದರೆ ನಮ್ಮ ಮಗು ಯಾಕೆ ಹೋಯಿತು, ನೀವು ಅಷ್ಟೆಲ್ಲ ಓದಿದ್ದೀರಲ್ಲ, ಹೇಳಿ ಎಂದು ಅಳಿಯ ಕೇಳಿಯೇಬಿಟ್ಟ.

"ಗೊತ್ತಿಲ್ಲ," ಅಂದರು ಅತ್ತೆ. "ಗೊತ್ತಿಲ್ದೇ ಇರೋದನ್ನ ನಾನು ಕೆತ್ತಲ್ಲ."