ಟೇಪು ಸುತ್ತಿದ ಉಂಗುರ

ನಮ್ಮ ಶಾಲೆಗೆ ಇರುವುದು ಒಂದೇ ಕಂಪ್ಯೂಟರ್. ಅದರ ಕ್ಯಾಬಿನೆಟ್ ತುಕ್ಕು ಹಿಡಿದಿತ್ತು. ಮದರ್‌ಬೋರ್ಡನ್ನು ಹೊಸ ಕ್ಯಾಬಿನೆಟ್ಟಿಗೆ ಕೂರಿಸುವುದನ್ನು ಕಲಿಯೋಣವೆಂದು ಕಂಪ್ಯೂಟರನ್ನು ತೆಗೆದುಕೊಂಡು ಚನ್ನಗಿರಿಯ ರಿಪೇರಿ ಅಂಗಡಿಗೆ ಹೋದೆ. ಅಂಗಡಿ ನಡೆಸುವ ಹೆಂಗಸು, ಬೋರ್ಡು ತಳಕ್ಕೆ ತಾಗದಂತೆ ಎತ್ತಿ ಹಿಡಿಯುವ ಹಿತ್ತಾಳೆ ತಿರುಪುಗಳನ್ನು ಮೊದಲು ಜೋಡಿಸಿದರು.

"ಇನ್ನು ನೀವೇ ಕೂರಿಸ್ರಿ ಮೇಷ್ಟ್ರೇ. ಉಂಗುರ ಮಾತ್ರ ತೆಗೀರಿ. ಗೀರು ಬಿದ್ರೆ ಬೋರ್ಡು ಹೋತು."

ಕಿರುಬೆರಳಿನಲ್ಲಿದ್ದದ್ದು ತೀರಿಹೋದ ನನ್ನ ಹೆಂಡತಿಯ ಉಂಗುರ. ಹಾಕಿಕೊಂಡ ಮೇಲೆ ಅದನ್ನು ತೆಗೆದೇ ಇರಲಿಲ್ಲ.

"ಆಗೋದಿಲ್ಲ. ನೀವೇ ಕೂರಿಸಿಬಿಡಿ" ಎಂದೆ.

"ಬಿಗಿ ಆಗೇತೇನ್ರಿ? ಸೋಪು ಕೊಡ್ಲಾ?"

"ಬಿಗಿಯಿಲ್ಲ. ನಮ್ಮ ಮನೆಯವರದು. ಈಗ ಅವರಿಲ್ಲ."

ಆಕೆ ವೈರಿಗೆ ಸುತ್ತುವ ಕಪ್ಪು ಟೇಪು ತಂದು ಉಂಗುರ ಮುಚ್ಚುವಂತೆ ನೀಟಾಗಿ ಸುತ್ತಿದರು.

"ಈಗ ಗೀರಂಗಿಲ್ಲ. ಅಂಚು ಹಿಡ್ದು ಇಳಿಸ್ರಿ. ಸ್ಕ್ರೂ ಭಾಳ ಬಿಗೀಬ್ಯಾಡ್ರಿ."

ಬೋರ್ಡು ಕೂತಿತು. ಕಂಪ್ಯೂಟರೂ ಆನ್ ಆಯಿತು. ನನಗೆ ಸಮಾಧಾನ ಹೇಳಿದವರು ಹಲವರಿದ್ದಾರೆ; ಇಷ್ಟು ಅಚ್ಚುಕಟ್ಟಾಗಿ ಮಾಡಿ ತೋರಿಸಿದವರು ಆಕೆಯೊಬ್ಬರೇ.

ಟೇಪು ತೆಗೆಯದೆಯೇ ಮರುದಿನ ಶಾಲೆಗೆ ಹೋದೆ. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು, "ಬೆರಳಿಗೆ ಏನಾತ್ರೀ ಸಾರ್?" ಎಂದು ಕೇಳಿದರು. ಮದರ್‌ಬೋರ್ಡ್ ಕೂರಿಸಿದೆ ಎಂದೆ.

"ಅಷ್ಟು ಡೇಂಜರ್ ಕೆಲ್ಸ ಏನ್ರೀ ಅದು!" ಎಂದು ಅವರು ಗಾಬರಿಯಾದರು.