ರಮಾಮಣಿ ಟೀಚರ್ ಬಿಡಿಸಿಕೊಟ್ಟ ಬೆಡ್

ಪಾಲಿಕೆಯ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸಿಗೆ ಭಾಗಾಕಾರ ಕಲಿಸುತ್ತಿದ್ದ ರಮಾಮಣಿಯನ್ನೂ ಅದೇ ಶಾಲೆಯ ಟೀಚರಾದ ನನ್ನನ್ನೂ ಕೊರೋನಾದ ಎರಡನೇ ಅಲೆಯಲ್ಲಿ ದಹಿಸರ್‌ನ ವಾರ್ಡ್ ಕಚೇರಿಗೆ ಡ್ಯೂಟಿ ಹಾಕಿದರು. ಕೆಲಸವೇನು? ಫೋನಿನ ಮುಂದೆ ಕೂತು, ಖಾಲಿ ಇರುವ ಬೆಡ್ ಹುಡುಕಿ, ರೋಗಿಗಳನ್ನು ಅಲ್ಲಿಗೆ ಕಳಿಸುವುದು. ಖಾಲಿ ಎಲ್ಲಿಂದ ಬರಬೇಕು, ಮಣ್ಣಂಗಟ್ಟಿ! ಬೈಗುಳ ತಿಂದು ತಿಂದು ನಾನು ತಿರುಗಿ ಬೈಯುವುದನ್ನು ಕಲಿತೆ. ಮೈಸೂರು ಕಡೆಯ ರಮಾಮಣಿ ಮಾತ್ರ ಗಂಟಲು ಕಟ್ಟಿದ್ದರೂ ಎಲ್ಲರಿಗೂ ಸಮಾಧಾನದಿಂದಲೇ ಉತ್ತರಿಸುತ್ತಿದ್ದಳು. ಅವಳನ್ನು ನೋಡಿದರೆ ನನಗೆ ಇನ್ನಷ್ಟು ರೇಗುತ್ತಿತ್ತು.

ಒಂದು ಮಧ್ಯಾಹ್ನ ತರಕಾರಿ ಮಾರುವ ಕಸ್ತೂರಿಬಾಯಿ ಎಂಬ ಮುದುಕಿಗೆ ಉಸಿರಾಟ ತೀರಾ ಕಷ್ಟವಾಗಿ ಐಸಿಯು ಬೆಡ್ ಬೇಕಾಯಿತು. ಬಿಡಿಸಿಕೊಳ್ಳಬಹುದಾದ ಬೆಡ್ ಇದ್ದದ್ದು ಒಂದೇ. ಅದರಲ್ಲಿದ್ದವನು ಉಡುಪಿ ಕಡೆಯ ಹೋಟೆಲ್ ಅಡುಗೆಯವ ಸೀನ. ಅವನ ಮಗಳು ಯಕ್ಷಿತಾ ರಮಾಮಣಿಯ ಕ್ಲಾಸಿನವಳು. ಸೀನ ಚೇತರಿಸಿಕೊಳ್ಳುತ್ತಿದ್ದಾನೆ, ಬರೀ ಆಕ್ಸಿಜನ್ ಇರುವ ಬೇರೆ ಆಸ್ಪತ್ರೆಗೆ ಸಾಗಿಸಬಹುದು ಎಂದು ಡಾಕ್ಟರು ಹೇಳಿದ್ದರು. ಹೆಂಡತಿ ವಾರಿಜಾ ಸುತಾರಾಂ ಒಪ್ಪಲಿಲ್ಲ. ಕೊನೆಗೆ ರಮಾಮಣಿಯೇ ಫೋನ್ ಮಾಡಿದಳು.

"ಎಂತ ಟೀಚರೇ, ನಾವು ಬಡವರು ಅಂತ ಹೊರಗೆ ಹಾಕುವುದಾ? ದಾರಿಯಲ್ಲಿ ಇವರಿಗೆ ಏನಾದ್ರೂ ಆದ್ರೆ?"

"ಇಲ್ಲಮ್ಮ, ದಾರೀಲೂ ಆಕ್ಸಿಜನ್ ಇರುತ್ತೆ. ಇಲ್ಲೊಬ್ರು ಅಜ್ಜಿ ಉಸಿರಿಗೆ ಒದ್ದಾಡ್ತಿದ್ದಾರೆ, ವಾರಿಜಾ."

ಆ ಕಡೆಯಿಂದ ಬಹಳ ಹೊತ್ತು ಅಳು. ಆಮೇಲೆ, "ನೀವು ಹೇಳ್ತೀರಲ್ಲ, ಆಯ್ತು. ಅಜ್ಜಿ ಬದುಕಲಿ" ಎಂದಳು.

ಸೀನನನ್ನು ಸಾಗಿಸಿದರು. ಬೆಡ್ ಸಿಕ್ಕಿತು. ಆದರೆ ಕಸ್ತೂರಿಬಾಯಿಯನ್ನು ಕರೆತರಬೇಕಿದ್ದ ಹಾಳು ಆಂಬುಲೆನ್ಸ್ ಮತ್ತೊಂದು ಆಸ್ಪತ್ರೆಯ ಬಾಗಿಲಲ್ಲಿ ಬೇರೆ ರೋಗಿಯನ್ನು ಇಳಿಸಲಾಗದೆ ನಿಂತುಬಿಟ್ಟಿತ್ತು. ಅದು ಮನೆ ಮುಟ್ಟುವಷ್ಟರಲ್ಲಿ ಮುದುಕಿ ಹೋಗಿಬಿಟ್ಟಿದ್ದಳು. ಆ ಬೆಡ್ಡಿಗೆ ಇನ್ನೊಬ್ಬರನ್ನು ಕಳಿಸಿದೆವು. ಅವರೂ ಉಳಿಯಲಿಲ್ಲ.

ಕೆಲವು ದಿನಗಳ ನಂತರ ವಾರಿಜಾಳ ಫೋನ್ ಬಂತು. ದನಿ ಎಷ್ಟು ಜೋರಾಗಿತ್ತೆಂದರೆ ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಇವರು ಮನೆಗೆ ಬಂದ್ರು ಟೀಚರೇ! ಗಂಜಿ ಉಂಡ್ರು. ಆ ಅಜ್ಜಿ ಹೇಗಿದ್ದಾರೆ? ದಿನಾ ದೀಪ ಇಡುವಾಗ ಅವರಿಗೂ ಬೇಡಿಕೊಳ್ತೇನೆ."

ನಿಜ ಹೇಳಿಬಿಡು ಎಂದು ನಾನು ಕೈಸನ್ನೆ ಮಾಡಿದೆ. ರಮಾಮಣಿ ಮುಖ ತಿರುಗಿಸಿಕೊಂಡಳು.

"ಅಜ್ಜೀನೂ ಮನೆಗೆ ಹೋದ್ರಮ್ಮ."

"ಅಬ್ಬ! ಹಾಗಾದ್ರೆ ನಾನು ಒಪ್ಪಿದ್ದು ದಂಡ ಆಗ್ಲಿಲ್ಲ."

"ಇಲ್ಲ ಕಣಮ್ಮ, ದಂಡ ಆಗ್ಲಿಲ್ಲ."

ಫೋನಿಟ್ಟು ಮೇಜಿನ ಮೇಲೆ ತಲೆಯಿಟ್ಟಳು. "ಇವತ್ತು ನನ್ನ ಕೈಲಿ ಇನ್ನಾಗಲ್ಲ ಸಾಧನಾ" ಎಂದಳು. ನನಗೂ ಸಾಕಾಗಿತ್ತು. ಅಷ್ಟರಲ್ಲಿ ಅವಳ ಫೋನ್ ಮತ್ತೆ ಬಡಿದುಕೊಂಡಿತು. ನಾನೇ ಎತ್ತಿದೆ.