ಜಸ್ತಕ್ಕೆ ಬಳಿದ ಬಣ್ಣ

ಕರ್ರ್, ಕರ್ರ್. ಹಿತ್ತಾಳೆಯ ಮೇಲೆ ಮೊಂಡ ಉಳಿ ಓಡುವ ಆ ಸದ್ದಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಭಾನುವಾರ ಕಾನ್ವೆಂಟ್ ಬೋರ್ಡಿಂಗ್‌ನಿಂದ ಕಾರವಾರದ ಧಕ್ಕೆಗೆ, ದೋಣಿ ನಿಲ್ಲುವ ಕಟ್ಟೆಗೆ, ಹೋದರೆ, ಜನರನ್ನು ಹೊಳೆ ದಾಟಿಸುವ ಮೋಟಾರು ಲಾಂಚನ್ನು ದಂಡೆಗೆಳೆದು ಅದರ ಕೆಳಗೆ ಕಾಕಾ ಅಂಗಾತ ಮಲಗಿ, ನೀರು ತಳ್ಳುವ ಪಂಖಾಕ್ಕೆ ಅಂಟಿದ ಚಿಪ್ಪುಗಳನ್ನು ಕೆರೆಯುತ್ತಿರುತ್ತಿದ್ದರು. ಬೆಚ್ಚಗಿನ ಸಮುದ್ರ, ಕೆರೆದಷ್ಟೂ ಚಿಪ್ಪು ಮತ್ತೆ ಹತ್ತುತ್ತಿತ್ತು.

"ಇದು ಮುಗಿಯೂ ಕೆಲಸಲ್ಲ ಮಗಳ," ಎನ್ನುತ್ತಿದ್ದರು.

ಕಾಕಾ ನನ್ನ ಅಪ್ಪನ ತಮ್ಮ. ಗಜೇಂದ್ರಗಡದ ನೇಕಾರರ ಮನೆ ನಮ್ಮದು. ಮಗ್ಗಕ್ಕೆ ನೂಲು ಸಿಗದ ಕಾಲದಲ್ಲಿ ನರಗುಂದದ ಹತ್ತಿ ಜಿನ್ನಿಗೆ ಹೋಗಿ ಎಂಜಿನ್ ಕೆಲಸ ಕಲಿತು, ಅಲ್ಲಿಂದ ಸಮುದ್ರಕ್ಕೆ ಬಂದುಬಿಟ್ಟಿದ್ದರು. ನನ್ನ ಲೋಕಲ್ ಗಾರ್ಡಿಯನ್ ಅವರೇ. ಸಿಸ್ಟರ್ ಮುಂದೆ ಗ್ರೀಸ್ ಹತ್ತಿದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿ ನಿಲ್ಲುತ್ತಿದ್ದರು, ಸೋ ಶೈ.

ಪಂಖಾದ ಪಕ್ಕದಲ್ಲಿ ಜಸ್ತದ, ಎಂದರೆ ಸತುವಿನ, ಒಂದು ತುಂಡನ್ನು ಬಿಗಿದಿರುತ್ತಾರೆ. ಉಪ್ಪುನೀರು ಪಂಖಾ ತಿರುಗಿಸುವ ಶಾಫ್ಟನ್ನು ಬಿಟ್ಟು ಆ ಜಸ್ತವನ್ನು ತಿನ್ನುತ್ತದೆ. ಸವೆದ ಮೇಲೆ ಹೊಸದು ಹಾಕಬೇಕು. ಅದರ ಮೇಲೆ ಮಾತ್ರ ಬಣ್ಣ ಬಳಿಯಬಾರದು. ಬಳಿದರೆ ನೀರು ಶಾಫ್ಟಿಗೇ ಬಾಯಿ ಹಾಕುತ್ತದೆ.

ಆ ವರ್ಷ ಕಾಕಾನ ಒಂದು ಕಿವಿ ಕೆಟ್ಟೇ ಹೋಗಿತ್ತು, ಇನ್ನೊಂದು ಸೋರುತ್ತಿತ್ತು. ತಲೆಯನ್ನು ನೀರಲ್ಲಿ ಮುಳುಗಿಸಿದರೆ ಅದೂ ಹೋದೀತೆಂದು ಡಾಕ್ಟರು ಸ್ಟ್ರಿಕ್ಟಾಗಿ ಹೇಳಿದ್ದರು. ದಸರೆಗೆ ಊರಿಗೆ ಹೋದಾಗ, ದೀಪಾವಳಿಗೆ ಕೆಲಸ ಬಿಟ್ಟು ಬಂದು ಮಗ್ಗಕ್ಕೆ ಕೂಡುತ್ತೇನೆಂದು ಹೆಂಡತಿಗೆ, ನನ್ನ ಚಿಗವ್ವನಿಗೆ, ಮಾತು ಕೊಟ್ಟಿದ್ದರು.

ರಜೆ ಮುಗಿಸಿ ನಾವಿಬ್ಬರೂ ಮರಳಿದಾಗ ಲಾಂಚ್ ನೀರಿಗಿಳಿದಿತ್ತು. ಅದನ್ನು ನಡೆಸುವ ತಾಂಡೇಲ ಹಿಗ್ಗಿನಿಂದ, "ಆಯುಧಪೂಜೆಗೆ ಅಡಿಗೆಲ್ಲ ಕೆಂಪು ಬಣ್ಣ ಹೊಡ್ದ್ವು ಮಿಸ್ತ್ರಿ," ಎಂದ.

"ಜಸ್ತಕ್ಕೂ?"

"ಹಬ್ಬದ ದಿನ ಅದೊಂದನ್ನೇ ಬೋಳು ಬಿಡೂಕೆ ಆತದಾ?"

"ಬಾಸಿಂಗಾನೂ ಕಟ್ಟಬೇಕಿತ್ತಲ್ಲೋ ಮಾರಾಯಾ!"

ಸೀಸನ್ ಶುರುವಾಗಿತ್ತು. ಲಾಂಚನ್ನು ಮತ್ತೆ ದಂಡೆಗೆ ಎಳೆಯಲು ಮಾಲೀಕರು ಒಪ್ಪಲಿಲ್ಲ, ಮುಂದೆ ನೋಡೋಣ ಎಂದರು. ಕಾಕಾ ಮೊಂಡ ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಅಂಗಿ ಬಿಚ್ಚಿದರು.

"ಡಾಕ್ಟರು ಬ್ಯಾಡಂದಾರಲ್ಲ ಕಾಕಾ?"

"ಶಾಫ್ಟ್ ಮೊದಲ ಸವದೈತಿ ಮಗಳ. ನಡು ಹೊಳ್ಯಾಗ ಮುರದ್ರ ಕುಂತ ಮಂದಿ ಏನ್ ಮಾಡಬೇಕು?"

ಎಣ್ಣೆಯಲ್ಲಿ ಅದ್ದಿದ ಅರಳೆಯನ್ನು ಕಿವಿಗೆ ತುರುಕಿಕೊಂಡು ಇಳಿದರು. ಮುಳುಗಿ ಕೆರೆಯುವುದು, ಎದ್ದು ಉಸಿರೆಳೆಯುವುದು, ಮತ್ತೆ ಮುಳುಗುವುದು. ಕೆಂಪು ಬಣ್ಣದ ಚೂರುಗಳು ತೇಲಿ ಬರುತ್ತಿದ್ದವು. ಕೊನೆಗೆ ಹತ್ತಿ ಬಂದಾಗ ಸೋರುವ ಕಿವಿಯಲ್ಲಿ ಅರಳೆ ಇರಲಿಲ್ಲ.

"ನಿಮ್ಮ ಚಿಗವ್ವಗ ಹೇಳಬ್ಯಾಡ," ಎಂದರು.

ಹೇಳುವ ಅಗತ್ಯವೇ ಬೀಳಲಿಲ್ಲ. ಜ್ವರ ಬಂತು, ಕಿವಿಯಲ್ಲಿ ಕೀವಾಯಿತು. ದೀಪಾವಳಿಗೆ ಕೊಟ್ಟ ಮಾತಿನಂತೆ ಊರಿಗೆ ಬಂದರು. ಬಾಗಿಲಲ್ಲಿ ಚಿಗವ್ವ "ಬಂದ್ರೇನ್ರಿ?" ಎಂದದ್ದು ಅವರಿಗೆ ಕೇಳಲಿಲ್ಲ.

ಮುಂದೆ ಅವರು ಸೀರೆ ನೇಯ್ದರು. ಬೇಗ ದಣಿಯುತ್ತಿದ್ದರು. "ಬೈದ್ರೂ ನಗತಾರವ್ವಾ," ಎಂದು ಚಿಗವ್ವ ನನ್ನೆದುರು ಹೇಳುತ್ತಿದ್ದಳು, "ಇವರ ಕೂಡ ಜಗಳಾ ಆಡೂ ಸುಖಾನೂ ಹೋತು."

ಕೊನೆಯ ಸಲ ಅವರನ್ನು ನೋಡಿದ್ದು ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ. ಟೀಚರ್ಸ್ ಟ್ರೈನಿಂಗಿಗೆಂದು ನಾನು ಬೆಳಗಾವಿಗೆ ಹೊರಟಿದ್ದೆ. ಟ್ರಂಕನ್ನು ಬಸ್ಸಿನ ಮೇಲೇರಿಸಿ, ದಾರಿಗೆ ಪೇರಲಹಣ್ಣು ತರುತ್ತೇನೆಂದು ಕೈಸನ್ನೆ ಮಾಡಿ ಹೋದರು. ಡ್ರೈವರ್ ಹಾರ್ನ್ ಹೊಡೆದ. ಬಸ್ಸು ಹೊರಟೇಬಿಟ್ಟಿತು. "ಕಾಕಾ! ಕಾಕಾ!" ಕಿಟಕಿಯಿಂದ ಕೂಗಿದೆ.

"ಅವ್ರಿಗೆ ಕೇಳಾಂಗಿಲ್ರಿ ಅಕ್ಕಾರ, ಸುಮ್ಮ ಕುಂದರ್ರಿ," ಎಂದ ಕಂಡಕ್ಟರ್.

ಕಾಕಾ ಬಸ್ಸಿಗೆ ಬೆನ್ನು ಮಾಡಿ, ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ನನಗಾಗಿ ಒಂದೊಂದೇ ಹಣ್ಣನ್ನು ಒತ್ತಿ ನೋಡಿ ಆರಿಸುತ್ತಿದ್ದರು.